ಇಮ್ಯಾಜಿಕ್ ಹಾಕಿದೆ, ಆದರೂ ಇಲ್ಲ ಅನ್ನುತ್ತಿದೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ತಮ್ಮ ಶಾಲೆಯ ಜಾಲತಾಣ ನೋಡಿಕೊಳ್ಳುವ ಶಿರಸಿ ಕಡೆಯ ಮೇಷ್ಟ್ರೊಬ್ಬರು ಕಳೆದ ತಿಂಗಳು ಬರೆದದ್ದು ಹೀಗಿತ್ತು: “ಸರ್, ವರ್ಡ್‌ಪ್ರೆಸ್‌ನ ಸೈಟ್ ಹೆಲ್ತ್ ಪುಟದಲ್ಲಿ ಇಮ್ಯಾಜಿಕ್ ಮಾಡ್ಯೂಲ್ ಇಲ್ಲ ಅಂತ ತೋರಿಸ್ತಿತ್ತು. ಸರ್ವರ್‌ಗೆ ಲಾಗಿನ್ ಆಗಿ ಇಮೇಜ್‌ಮ್ಯಾಜಿಕ್ ಹಾಕಿದೆ. ಯಾವ ಎರರ್ರೂ ಬರಲಿಲ್ಲ. ಆದರೂ ಇಲ್ಲ ಅಂತಲೇ ಹೇಳ್ತಿದೆ. ಇನ್ನೇನು ಮಾಡ್ಲಿ?”

ಮೇಷ್ಟ್ರು ಮಾಡಿದ್ದರಲ್ಲಿ ತಪ್ಪಿಲ್ಲ, ಅರ್ಧ ಕೆಲಸ ಉಳಿದಿದೆ ಅಷ್ಟೆ. ಇಮೇಜ್‌ಮ್ಯಾಜಿಕ್ ಬೇರೆ, ಇಮ್ಯಾಜಿಕ್ ಬೇರೆ. ಹೆಸರುಗಳು ಅಣ್ಣತಮ್ಮಂದಿರಂತೆ ಇರುವುದರಿಂದ ಈ ಗೊಂದಲ ಎಲ್ಲರಿಗೂ ಆಗುತ್ತದೆ. ಇಮೇಜ್‌ಮ್ಯಾಜಿಕ್ ಎನ್ನುವುದು ಚಿತ್ರಗಳನ್ನು ಹಿಗ್ಗಿಸುವ, ಕುಗ್ಗಿಸುವ, ಕತ್ತರಿಸುವ, ಒಂದು ನಮೂನೆಯಿಂದ ಇನ್ನೊಂದಕ್ಕೆ ಬದಲಿಸುವ ಹಳೆಯ, ದೊಡ್ಡ ತಂತ್ರಾಂಶ. ಡುಪಾಂಟ್ ಕಂಪನಿಯಲ್ಲಿದ್ದ ಜಾನ್ ಕ್ರಿಸ್ಟಿ 1987ರಲ್ಲಿ ಅದನ್ನು ಬರೆಯಲು ತೊಡಗಿದರು. 1990ರ ಆಗಸ್ಟ್‌ನಲ್ಲಿ ಯೂಸ್‌ನೆಟ್ ಮೂಲಕ ಎಲ್ಲರಿಗೂ ಸಿಕ್ಕಿತು. ಪಿಎಚ್‌ಪಿ ಭಾಷೆ ಹುಟ್ಟುವ ಮೊದಲೇ ಇದ್ದ ತಂತ್ರಾಂಶ ಅದು. ಹಾಗಾಗಿ ಅದಕ್ಕೆ ಪಿಎಚ್‌ಪಿ ಯಾರೆಂದು ಗೊತ್ತಿಲ್ಲ, ಪಿಎಚ್‌ಪಿಗೂ ಅದರ ಗುರುತಿಲ್ಲ. ಇಬ್ಬರ ನಡುವೆ ಓಡಾಡುವ ಎಕ್ಸ್‌ಟೆನ್ಷನ್‌ನ ಹೆಸರು ಇಮ್ಯಾಜಿಕ್. ಊರಿಗೆ ಹಿಟ್ಟಿನ ಗಿರಣಿ ಬಂದಮಾತ್ರಕ್ಕೆ ಮನೆಯ ರಾಗಿ ಹಿಟ್ಟಾಗುವುದಿಲ್ಲ. ಚೀಲ ಹೊತ್ತುಕೊಂಡು ಹೋಗಿ ಬೀಸಿಸಿಕೊಂಡು ಬರುವವರೊಬ್ಬರು ಬೇಕು. ಮೇಷ್ಟ್ರು ಊರಿಗೆ ಗಿರಣಿ ತಂದಿದ್ದಾರೆ. ಚೀಲ ಹೊರುವವರು ಇನ್ನೂ ಬಂದಿಲ್ಲ.

ಉಬುಂಟು ಅಥವಾ ಡೆಬಿಯನ್ ಸರ್ವರ್ ಆದರೆ ಅವರನ್ನು ಕರೆಯುವುದು ಒಂದೇ ಸಾಲಿನ ಕೆಲಸ. ಆಪ್ಟ್ ಆಜ್ಞೆಗೆ ‘ಪಿಎಚ್‌ಪಿ-ಇಮ್ಯಾಜಿಕ್’ ಎಂಬ ಪ್ಯಾಕೇಜಿನ ಹೆಸರು ಕೊಟ್ಟರೆ ಸಾಕು. ಅದಕ್ಕೆ ಬೇಕಾದ ಇಮೇಜ್‌ಮ್ಯಾಜಿಕ್ ಲೈಬ್ರರಿಯನ್ನು ಅದೇ ಎಳೆದುಕೊಂಡು ಬರುತ್ತದೆ, ಕಾನ್ಫಿಗರೇಶನ್ ಸಾಲನ್ನೂ ಬರೆದು ಚಾಲೂ ಮಾಡುತ್ತದೆ. ಆಲ್ಮಾ, ರಾಕಿ ಮೊದಲಾದ ರೆಡ್ ಹ್ಯಾಟ್ ಬಳಗದ ಸರ್ವರ್‌ಗಳಲ್ಲಿ ಮೂಲ ಭಂಡಾರದಲ್ಲಿ ಇದು ಸಿಗುವುದಿಲ್ಲ. ಎಪೆಲ್ ಭಂಡಾರವನ್ನೂ ರೆಮಿ ಕೋಲೆ ಅವರು ವರ್ಷಗಳಿಂದ ನಿಷ್ಠೆಯಿಂದ ನಡೆಸಿಕೊಂಡು ಬಂದಿರುವ ಪಿಎಚ್‌ಪಿ ಭಂಡಾರವನ್ನೂ ಸೇರಿಸಿಕೊಳ್ಳಬೇಕು. ಸ್ವಂತ ಸರ್ವರ್ ಇಲ್ಲದೆ ಹೋಸ್ಟಿಂಗ್ ಕಂಪನಿಯಲ್ಲಿ ಜಾಗ ಬಾಡಿಗೆಗೆ ಪಡೆದವರು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪಿಎಚ್‌ಪಿ ಆಯ್ಕೆಯ ಪುಟ ತೆರೆದು ನೋಡಿ. ಅನೇಕ ಕಡೆ ಇಮ್ಯಾಜಿಕ್ ಹೆಸರಿನ ಮುಂದೆ ಒಂದು ಟಿಕ್ ಹಾಕುವುದಷ್ಟೇ ಬಾಕಿಯಿರುತ್ತದೆ.

ಹಾಕಿದ ಮೇಲೂ ‘ಇಲ್ಲ’ ಎಂದೇ ಬಂದರೆ? ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಒಂದು ಸರ್ವರ್‌ನಲ್ಲಿ ಒಂದೇ ಪಿಎಚ್‌ಪಿ ಇರುತ್ತದೆ ಎಂದು ನಾವು ತಿಳಿದಿರುತ್ತೇವೆ. ವಾಸ್ತವದಲ್ಲಿ ಕಮಾಂಡ್ ಲೈನ್‌ನಲ್ಲಿ ಓಡುವ ಪಿಎಚ್‌ಪಿ ಬೇರೆ, ಜಾಲತಾಣಕ್ಕೆ ಪುಟಗಳನ್ನು ಬಡಿಸುವ ಪಿಎಚ್‌ಪಿ ಬೇರೆ. ಎಂಜಿನ್‌ಎಕ್ಸ್ ಜೊತೆಗೆ ಕೆಲಸ ಮಾಡುವುದಕ್ಕೆ ಎಫ್‌ಪಿಎಂ ಎನ್ನುತ್ತಾರೆ. ಉಬುಂಟುವಿನಲ್ಲಿ ಇವೆರಡರ ಕಾನ್ಫಿಗರೇಶನ್ ಕಡತಗಳೂ ಬೇರೆ ಬೇರೆ ಫೋಲ್ಡರ್‌ನಲ್ಲಿರುತ್ತವೆ. ಟರ್ಮಿನಲ್‌ನಲ್ಲಿ ‘ಪಿಎಚ್‌ಪಿ’ ಎಂದು ಬರೆದು ‘ಎಂ’ ಎಂಬ ಗುರುತು ಕೊಟ್ಟರೆ ಬರುವ ಮಾಡ್ಯೂಲ್‌ಗಳ ಪಟ್ಟಿ ಮೊದಲನೆಯದರದು ಮಾತ್ರ. ಅಲ್ಲಿ ಇಮ್ಯಾಜಿಕ್ ಕಂಡರೆ ಜಾಲತಾಣಕ್ಕೂ ಕಂಡಿದೆ ಎಂದರ್ಥವಲ್ಲ. ಜಾಲತಾಣದ ಪಿಎಚ್‌ಪಿ ಏನು ಹೇಳುತ್ತದೆಂದು ತಿಳಿಯಲು ಬ್ರೌಸರ್‌ನಲ್ಲೇ ಪಿಎಚ್‌ಪಿ-ಇನ್ಫೊ ಪುಟ ತೆರೆಯಬೇಕು, ನೋಡಿದ ಕೂಡಲೇ ಆ ಪುಟವನ್ನು ಅಳಿಸಬೇಕು. ನಿಮ್ಮ ಸರ್ವರ್‌ನ ಒಳಗುಟ್ಟೆಲ್ಲ ಅದರಲ್ಲಿರುತ್ತದೆ.

ಎಫ್‌ಪಿಎಂ ಒಮ್ಮೆ ಎದ್ದು ಕೂತರೆ ಎಕ್ಸ್‌ಟೆನ್ಷನ್‌ಗಳನ್ನು ಆಗಲೇ ಓದಿಕೊಂಡು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಹೊಸದು ಬಂದಿರುವುದು ಅದಕ್ಕೆ ಗೊತ್ತಾಗಬೇಕಾದರೆ ರೀಸ್ಟಾರ್ಟ್ ಮಾಡಬೇಕು. ಎಂಜಿನ್‌ಎಕ್ಸ್ ಅನ್ನು ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಉಪಯೋಗವಿಲ್ಲ, ಎಫ್‌ಪಿಎಂ ಸೇವೆಯನ್ನೇ ಮಾಡಬೇಕು. ಅಪಾಚೆಯ ಒಳಗೇ ಪಿಎಚ್‌ಪಿ ಕೂತಿದ್ದರೆ ಅಪಾಚೆಯನ್ನು. ನನಗೆ ಬರುವ ಪತ್ರಗಳಲ್ಲಿ ಬಹುಪಾಲು ಇಲ್ಲಿಗೇ ಬಗೆಹರಿಯುತ್ತವೆ.

ಇಷ್ಟೆಲ್ಲ ಪಾಡು ಯಾಕೆ, ಪಿಎಚ್‌ಪಿ ಜೊತೆಗೆ ಜಿಡಿ ಎಂಬ ಇನ್ನೊಂದು ಚಿತ್ರ ಲೈಬ್ರರಿ ಇದೆಯಲ್ಲ, ಫೋಟೊ ಚಿಕ್ಕದು ಮಾಡಲು ಅದೇ ಸಾಲದೆ ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ವರ್ಡ್‌ಪ್ರೆಸ್ ಕೂಡ 2012ರ ಡಿಸೆಂಬರ್‌ನಲ್ಲಿ ಬಂದ 3.5ನೇ ಆವೃತ್ತಿಯಿಂದ ಮೊದಲು ಇಮ್ಯಾಜಿಕ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಜಿಡಿಯ ಕೈಗೆ ಕೆಲಸ ಕೊಡುತ್ತದೆ. ಫೋಟೊಗಳು ಎರಡರಲ್ಲೂ ಚಿಕ್ಕದಾಗುತ್ತವೆ. ಪಿಡಿಎಫ್‌ನ ಮೊದಲ ಪುಟದ ಚಿತ್ರ ಬೇಕೆಂದರೆ, ಐಫೋನಿನ ಎಚ್‌ಇಐಸಿ ಫೋಟೊಗಳನ್ನು ಜೆಪೆಗ್ ಮಾಡಬೇಕೆಂದರೆ ಇಮ್ಯಾಜಿಕ್ ಬೇಕೇ ಬೇಕು. ಆದರೆ ಕನ್ನಡದವರಿಗೆ ಇದಕ್ಕಿಂತ ದೊಡ್ಡ ಕಾರಣ ಒಂದಿದೆ. ನಾನು ಅದನ್ನು ಕಲಿತದ್ದು ಒಂದು ರಾಜ್ಯೋತ್ಸವದ ದಿನ.

ಹಾಸನ ಜಿಲ್ಲೆಯಲ್ಲಿ ಗೆಳೆಯರೊಬ್ಬರು ಒಂದು ವಾರಪತ್ರಿಕೆ ನಡೆಸುತ್ತಾರೆ. ಅದರ ಜಾಲತಾಣವನ್ನು ಕಟ್ಟಿಕೊಟ್ಟವನು ನಾನು. ಸುದ್ದಿಯ ಕೊಂಡಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಿದಾಗ ಜೊತೆಗೆ ಒಂದು ಚೌಕ ಚಿತ್ರ ಕಾಣುತ್ತದಲ್ಲ, ಅದರ ಮೇಲೆ ಸುದ್ದಿಯ ಶೀರ್ಷಿಕೆ ತಾನಾಗಿಯೇ ಮೂಡುವ ಹಾಗೆ ಮಾಡಿಕೊಟ್ಟಿದ್ದೆ. 2022ರ ನವೆಂಬರ್ 1ರ ಬೆಳಿಗ್ಗೆ ಮೊದಲ ಕಾರ್ಡ್ ಹೊರಟಿತು. ಅರ್ಧ ಗಂಟೆಯಲ್ಲಿ ಸಂಪಾದಕರ ಫೋನ್ ಬಂತು. “ಸ್ವಾಮಿ, ಇವತ್ತೇ ಹೀಗಾಗಬೇಕಾ? ಕನ್ನಡ ಅನ್ನೋ ಪದವೇ ಒಡೆದುಹೋಗಿದೆ ನೋಡಿ.” ತೆರೆದು ನೋಡಿದರೆ ‘ಕನ್‌ನಡ’ ಎಂದಿತ್ತು. ನಕಾರದ ಕೆಳಗೆ ಇರಬೇಕಾದ ಒತ್ತು ಪಕ್ಕಕ್ಕೆ ಬಂದು ಪೂರ್ಣಾಕ್ಷರವಾಗಿ ನಿಂತಿತ್ತು. ‘ರಾಷ್ಟ್ರ’ ಎಂಬ ಪದವಂತೂ ನೋಡಲು ಸಂಕಟವಾಗುವಷ್ಟು ಚೂರಾಗಿತ್ತು. ಅದೇ ಶೀರ್ಷಿಕೆ ಜಾಲತಾಣದ ಪುಟದಲ್ಲಿ ಸೊಗಸಾಗಿಯೇ ಕಾಣುತ್ತಿತ್ತು.

ಕಾರಣ ಹೀಗೆ. ಯೂನಿಕೋಡ್‌ನಲ್ಲಿ ‘ಕನ್ನಡ’ ಎಂದರೆ ಐದು ಸಂಕೇತಗಳು: ಕ, ನ, ಹಲಂತದ ಗುರುತು, ಮತ್ತೆ ನ, ಕೊನೆಗೆ ಡ. ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಐದನ್ನು ಮೂರು ಮಾಡುವ ಕೆಲಸ, ಅಂದರೆ ಯಾವುದನ್ನು ಒತ್ತಾಗಿಸಬೇಕು, ಎಲ್ಲಿ ಕೂರಿಸಬೇಕು, ಅರ್ಕಾವತ್ತು ಯಾವ ಕಡೆ ಬರಬೇಕು ಎಂದು ಫಾಂಟಿನ ಒಳಗಿನ ನಿಯಮಗಳನ್ನು ಓದಿ ಜೋಡಿಸುವ ಕೆಲಸ, ಬೇರೆಯದೇ ಒಂದು ತಂತ್ರಾಂಶದ್ದು. ಹಾರ್ಫ್‌ಬಜ್ ಎಂದು ಅದರ ಹೆಸರು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲವೂ ಕನ್ನಡವನ್ನು ಸರಿಯಾಗಿ ತೋರಿಸುವುದು ಅದರ ಬಲದಿಂದ. ಪುಟ ಸರಿಯಿದ್ದದ್ದು ಓದುಗರ ಬ್ರೌಸರ್ ಅಕ್ಷರ ಜೋಡಿಸಿದ್ದರಿಂದ. ಕಾರ್ಡ್ ಕೆಟ್ಟದ್ದು ಅದನ್ನು ಸರ್ವರ್‌ನಲ್ಲಿ ಜಿಡಿ ಬರೆದದ್ದರಿಂದ. ಜಿಡಿಯ ಅಕ್ಷರ ಬರೆಯುವ ಕ್ರಿಯೆ ಸಾಮಾನ್ಯವಾಗಿ ಒಂದೊಂದು ಸಂಕೇತಕ್ಕೂ ಒಂದೊಂದು ಆಕಾರ ತೆಗೆದು ಸಾಲಾಗಿ ಇಡುತ್ತಾ ಹೋಗುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡ, ತೆಲುಗು, ಹಿಂದಿ, ಮಲಯಾಳಕ್ಕೆ ಸಾಲದು.

ಇಮೇಜ್‌ಮ್ಯಾಜಿಕ್‌ನಲ್ಲಿ ಇದಕ್ಕೆ ಎರಡು ದಾರಿ ಇವೆ. ಒಂದು ರಕ್ಮ್ ಎಂಬ ಲೈಬ್ರರಿ, ಇನ್ನೊಂದು ಪ್ಯಾಂಗೊ. ಎರಡೂ ಒಳಗೆ ಹಾರ್ಫ್‌ಬಜ್ ಅನ್ನೇ ಕರೆಯುತ್ತವೆ. ಆದರೆ ಇಮೇಜ್‌ಮ್ಯಾಜಿಕ್ ಅನ್ನು ಕಟ್ಟಿದವರು ಅವನ್ನು ಸೇರಿಸಿ ಕಟ್ಟಿರಬೇಕು. ಅದರ ಆವೃತ್ತಿ ಕೇಳಿದಾಗ ‘ಡೆಲಿಗೇಟ್ಸ್’ ಎಂಬ ಸಾಲಿನಲ್ಲಿ ಒಂದು ಪಟ್ಟಿ ಬರುತ್ತದೆ, ಜೆಪೆಗ್, ಪಿಎನ್‌ಜಿ, ವೆಬ್‌ಪಿ ಎಂದೆಲ್ಲ. ಅದರಲ್ಲಿ ರಕ್ಮ್ ಅಥವಾ ಪ್ಯಾಂಗೊಕೈರೊ ಇದೆಯೇ ನೋಡಿ. ನನ್ನ ಉಬುಂಟು 22.04 ಸರ್ವರ್‌ನ ಪಟ್ಟಿಯಲ್ಲಿ ರಕ್ಮ್ ಇರಲಿಲ್ಲ, ಪ್ಯಾಂಗೊಕೈರೊ ಇತ್ತು. ಹಾಗಾಗಿ ಇಮ್ಯಾಜಿಕ್‌ನ ಮಾಮೂಲಿ ಅಕ್ಷರ ಬರೆಯುವ ಕ್ರಿಯೆಯನ್ನು ಬಿಟ್ಟು, ‘ಪ್ಯಾಂಗೊ’ ಎಂಬ ಮುಂಗುರುತಿನೊಂದಿಗೆ ಶೀರ್ಷಿಕೆಯನ್ನೇ ಒಂದು ಚಿತ್ರವಾಗಿ ಮಾಡಿಸಿ, ಅದನ್ನು ಫೋಟೊದ ಮೇಲೆ ಕೂರಿಸಿದೆ. ಒತ್ತುಗಳು ತಮ್ಮ ತಮ್ಮ ಜಾಗಕ್ಕೆ ಬಂದವು.

ಈ ದಾರಿಯಲ್ಲಿ ಒಂದು ಎಚ್ಚರ ಬೇಕು. ಪ್ಯಾಂಗೊ ತನಗೆ ಬಂದ ಪಠ್ಯವನ್ನು ಮಾರ್ಕಪ್ ಎಂದು ಓದುತ್ತದೆ. ಶೀರ್ಷಿಕೆಯಲ್ಲಿ ಕೋನಾವರಣವೋ ಆಂಪರ್‌ಸ್ಯಾಂಡೋ ಇದ್ದರೆ ಎಡವುತ್ತದೆ. ಅವನ್ನು ಮೊದಲೇ ಎಸ್ಕೇಪ್ ಮಾಡಬೇಕು. ಹೊರಗಿನವರು ತುಂಬುವ ಪಠ್ಯವಾದರೆ ಅದು ‘ಆ್ಯಟ್’ ಚಿಹ್ನೆಯಿಂದ ಶುರುವಾಗಲು ಬಿಡಬೇಡಿ. ಇಮೇಜ್‌ಮ್ಯಾಜಿಕ್ ಆ ಚಿಹ್ನೆಯನ್ನು ‘ಈ ಹೆಸರಿನ ಕಡತ ತೆಗೆದು ಓದು’ ಎಂದು ಅರ್ಥ ಮಾಡಿಕೊಳ್ಳುತ್ತದೆ.

ಚಿತ್ರದಲ್ಲಿ ಕನ್ನಡ ಕೆಟ್ಟಾಗ ಅದು ಹೇಗೆ ಕೆಟ್ಟಿದೆ ಎಂದು ನೋಡುವುದು ಮುಖ್ಯ. ಒತ್ತಕ್ಷರ ಒಡೆದಿದ್ದರೆ ಜೋಡಿಸುವ ತಂತ್ರಾಂಶದ ಕೊರತೆ. ಬರೀ ಚೌಕಗಳು ಬಂದರೆ ಸರ್ವರ್‌ನಲ್ಲಿ ಕನ್ನಡ ಫಾಂಟೇ ಇಲ್ಲ. ಸರ್ವರ್‌ಗಳಿಗೆ ಪರದೆ ಇರುವುದಿಲ್ಲವಾದ್ದರಿಂದ ಫಾಂಟ್‌ಗಳನ್ನು ಯಾರೂ ಹಾಕಿರುವುದಿಲ್ಲ. ಡೆಬಿಯನ್, ಉಬುಂಟುಗಳಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೊ ಎಲ್ಲವೂ ಪ್ಯಾಕೇಜ್ ರೂಪದಲ್ಲೇ ಸಿಗುತ್ತವೆ. ಪುಟ್ಟ ಕಾರ್ಡಿಗೆ ನನಗೆ ನೋಟೊ ಹೆಚ್ಚು ಓದಿಸಿಕೊಳ್ಳುವಂತೆ ಕಂಡಿದೆ. ಇನ್ನು ಇಂಗ್ಲಿಷ್ ಅಕ್ಷರಗಳ ಗೋಜಲು ಬಂದರೆ ಮೂಲ ಪಠ್ಯ ಹಳೆಯ ನುಡಿ ಅಥವಾ ಬರಹ ಫಾಂಟಿನದು, ಯೂನಿಕೋಡ್ ಅಲ್ಲ. ಅದಕ್ಕೆ ಇಮ್ಯಾಜಿಕ್ ಏನೂ ಮಾಡಲಾರದು, ಪಠ್ಯವನ್ನೇ ಪರಿವರ್ತಿಸಬೇಕು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಇಮ್ಯಾಜಿಕ್ ಅನ್ನು ನಾನು ಆಗ ಉಬುಂಟುವಿನ ಭಂಡಾರದಿಂದ ಹಾಕಿರಲಿಲ್ಲ. ಪಿಎಚ್‌ಪಿ ಎಕ್ಸ್‌ಟೆನ್ಷನ್‌ಗಳ ಪೆಕಲ್ ಭಂಡಾರದಲ್ಲಿ 3.7.0 ಆವೃತ್ತಿ ಇತ್ತು, ಉಬುಂಟು ಕೊಡುತ್ತಿದ್ದದ್ದು ಅದಕ್ಕಿಂತ ಹಳೆಯದು. ಹೊಸದೇ ಇರಲಿ ಎಂದು ಮೂಲಸಂಕೇತ ಇಳಿಸಿಕೊಂಡು ಸರ್ವರ್‌ನಲ್ಲೇ ಕಂಪೈಲ್ ಮಾಡಿದೆ. ಅದು ಮೊದಲ ಸಲವೇ ಆಗಲಿಲ್ಲ. ‘ಮ್ಯಾಜಿಕ್‌ವಾಂಡ್-ಕಾನ್ಫಿಗ್ ಎಲ್ಲಿದೆ ಹೇಳಿ’ ಎಂಬ ತಕರಾರು ಬಂತು. ಬಹಳ ಜನರನ್ನು ತಡೆದು ನಿಲ್ಲಿಸಿರುವ ಸಂದೇಶ ಅದು. ಇಮೇಜ್‌ಮ್ಯಾಜಿಕ್ ಇದ್ದರೆ ಸಾಲದು, ಅದರ ಮೇಲೆ ಬೇರೆಯದನ್ನು ಕಟ್ಟಲು ಬೇಕಾದ ಹೆಡರ್ ಕಡತಗಳ ‘ಡೆವ್’ ಪ್ಯಾಕೇಜೂ ಬೇಕು ಎಂದು ಅದರ ಅರ್ಥ. ಪಿಎಚ್‌ಪಿಯದ್ದೂ ಒಂದು ಡೆವ್ ಪ್ಯಾಕೇಜ್ ಬೇಕು. ಎಲ್ಲ ಹಾಕಿದ ಮೇಲೆ ಕಂಪೈಲ್ ಆಯಿತು, ಕೆಲಸವೂ ಮಾಡಿತು.

2024ರ ಕೊನೆಯಲ್ಲಿ ಆ ಸರ್ವರ್ ಅನ್ನು ಉಬುಂಟು 24.04ಕ್ಕೆ ಏರಿಸಿದೆ. ಪಿಎಚ್‌ಪಿ 8.1 ಹೋಗಿ 8.3 ಬಂತು. ಜಾಲತಾಣ ತೆರೆಯಿತು, ಫೋಟೊಗಳು ಏರಿದವು, ಎಲ್ಲ ಸರಿಯಿದೆ ಎಂದುಕೊಂಡೆ. ಎರಡು ದಿನದ ನಂತರ ಓದುಗರೊಬ್ಬರು ಪತ್ರಿಕೆಗೆ ಕಾರ್ಡ್ ಕಳಿಸಿ ಕೇಳಿದರಂತೆ, ಇದೇನು ಅಕ್ಷರ ಹೀಗೆ ಎಂದು. ಮತ್ತದೇ ‘ಕನ್‌ನಡ’.

ಪಿಎಚ್‌ಪಿಯ ಪ್ರತಿ ಆವೃತ್ತಿಗೂ ಎಕ್ಸ್‌ಟೆನ್ಷನ್‌ಗಳ ಜೊತೆ ಮಾತಾಡಲು ಒಂದು ಒಪ್ಪಂದದ ಸಂಖ್ಯೆ ಇರುತ್ತದೆ. 8.1ಕ್ಕೆ 20210902, 8.3ಕ್ಕೆ 20230831. ಉಬುಂಟುವಿನಲ್ಲಿ ಎಕ್ಸ್‌ಟೆನ್ಷನ್‌ಗಳು ಕೂರುವ ಫೋಲ್ಡರ್‌ಗೂ ಇದೇ ಹೆಸರು. ನಾನು ಕಂಪೈಲ್ ಮಾಡಿದ್ದು ಹಳೆಯ ಸಂಖ್ಯೆಯ ಫೋಲ್ಡರ್‌ನಲ್ಲೇ ಉಳಿಯಿತು. ಹೊಸ ಪಿಎಚ್‌ಪಿ ಹೊಸ ಫೋಲ್ಡರ್‌ನಲ್ಲಿ ಹುಡುಕಿತು, ಸಿಗಲಿಲ್ಲ. ಅಲ್ಲಿಂದ ಕಡತವನ್ನು ಇಲ್ಲಿಗೆ ನಕಲು ಮಾಡಿದರಾಯಿತಲ್ಲ ಎಂದು ಅನೇಕರು ಮಾಡಿನೋಡುತ್ತಾರೆ. ಆಗ ಎರಡೂ ಸಂಖ್ಯೆಗಳನ್ನು ಹೇಳಿ, ಇವು ತಾಳೆಯಾಗುತ್ತಿಲ್ಲ ಎಂದು ಪಿಎಚ್‌ಪಿ ನಿರಾಕರಿಸುತ್ತದೆ. ನಿರಾಕರಿಸುವುದೇ ಒಳ್ಳೆಯದು. ನನಗಾದ ತೊಂದರೆ ಆ ಎಚ್ಚರಿಕೆಯೂ ಬಾರದೇ ಹೋದದ್ದು. ಇಮ್ಯಾಜಿಕ್ ಇಲ್ಲದಿದ್ದರೆ ಜಿಡಿಯಿಂದ ಬರೆ ಎಂಬ ಸಾಲನ್ನು ಕಾರ್ಡಿನ ಪ್ರೋಗ್ರಾಮ್‌ನಲ್ಲಿ ನಾನೇ ಬರೆದಿದ್ದೆ. ಕಾರ್ಡ್ ನಿಂತಿದ್ದರೆ ಅದೇ ದಿನ ಗೊತ್ತಾಗುತ್ತಿತ್ತು. ನಿಲ್ಲದೆ ತಪ್ಪಾಗಿ ಹೊರಟಿದ್ದರಿಂದ ಎರಡು ದಿನದ ಸುದ್ದಿಗಳೆಲ್ಲ ಒಡೆದ ಕನ್ನಡದಲ್ಲಿ ಊರು ಸುತ್ತಿದವು. ಆ ಸಾಲನ್ನು ತೆಗೆದುಹಾಕಿದ್ದೇನೆ. ಈಗ ಇಮ್ಯಾಜಿಕ್ ಇಲ್ಲದಿದ್ದರೆ ಕಾರ್ಡ್ ಹೊರಡುವುದಿಲ್ಲ, ನನಗೆ ಮಿಂಚಂಚೆ ಬರುತ್ತದೆ.

ಆ ದಿನದಿಂದ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಭಂಡಾರದಲ್ಲಿ ಸಿಗುವುದನ್ನೇ ಹಾಕಿಕೊಳ್ಳಿ. ನೀವೇ ಕಂಪೈಲ್ ಮಾಡಿದರೆ ಅದನ್ನು ಕಾಯುವವರೂ ನೀವೇ. ಪಿಎಚ್‌ಪಿ ಬದಲಾದಾಗಲೆಲ್ಲ ಮತ್ತೆ ಕಟ್ಟಬೇಕು, ಭದ್ರತೆಯ ತೇಪೆ ಬಂದಾಗ ತಿಳಿದುಕೊಂಡು ಹಾಕಬೇಕು. ಭಂಡಾರದ್ದಾದರೆ ಸರ್ವರ್ ಅಪ್‌ಡೇಟ್ ಆಗುವಾಗ ಅದೂ ಜೊತೆಗೆ ಬರುತ್ತದೆ. ಒಂದು ಆವೃತ್ತಿ ಹಳೆಯದಾಗಿದ್ದರೆ ಫೋಟೊ ಕುಗ್ಗಿಸುವುದರಲ್ಲಿ ಏನೂ ವ್ಯತ್ಯಾಸವಾಗದು.

ಭದ್ರತೆಯ ಮಾತು ಬಂದಿತಾದ್ದರಿಂದ ಅದನ್ನು ಹೇಳದೆ ಬಿಡಲಾರೆ. 2016ರ ಮೇ ತಿಂಗಳಲ್ಲಿ ಇಮೇಜ್‌ಮ್ಯಾಜಿಕ್‌ನಲ್ಲಿ ಒಂದು ದೊಡ್ಡ ಲೋಪ ಬಯಲಾಯಿತು. ಇಮೇಜ್‌ಟ್ರ್ಯಾಜಿಕ್ ಎಂದು ಅದಕ್ಕೆ ಹೆಸರು ಬಿತ್ತು. ಹೆಸರಿನಲ್ಲಿ ಜೆಪೆಗ್, ಒಳಗೆ ಬೇರೆಯೇ ಹೂರಣವಿರುವ ಕಡತವನ್ನು ಏರಿಸಿದರೆ, ಅದರಲ್ಲಿ ಅಡಗಿಸಿಟ್ಟ ಆಜ್ಞೆ ಸರ್ವರ್‌ನಲ್ಲಿ ನಡೆದುಬಿಡುತ್ತಿತ್ತು. ಇಮೇಜ್‌ಮ್ಯಾಜಿಕ್ ಕಡತದ ಹೆಸರಿಗಿಂತ ಒಳಗಿನ ಗುರುತು ನೋಡಿ ನಡೆಯುವುದರಿಂದ ಹೀಗಾಯಿತು. 2018ರ ಆಗಸ್ಟ್‌ನಲ್ಲಿ ಗೂಗಲ್‌ನ ಟಾವಿಸ್ ಒರ್ಮಂಡಿ ಪಿಡಿಎಫ್ ಓದಲು ಬಳಸುವ ಗೋಸ್ಟ್‌ಸ್ಕ್ರಿಪ್ಟ್‌ನಲ್ಲಿನ ಲೋಪಗಳನ್ನು ಹೊರಗಿಟ್ಟರು. ಆಮೇಲೆ ಉಬುಂಟುವಿನವರು ಇಮೇಜ್‌ಮ್ಯಾಜಿಕ್‌ನ ಪಾಲಿಸಿ ಕಡತದಲ್ಲಿ ಪಿಡಿಎಫ್, ಪೋಸ್ಟ್‌ಸ್ಕ್ರಿಪ್ಟ್‌ಗಳನ್ನು ನಿಷೇಧಿಸಿದರು. ‘ಪಿಡಿಎಫ್‌ಗೆ ಭದ್ರತಾ ನೀತಿಯಲ್ಲಿ ಅನುಮತಿ ಇಲ್ಲ’ ಎಂಬ ಸಂದೇಶ ನಿಮಗೆ ಬಂದಿದ್ದರೆ ಅದರ ಹಿನ್ನೆಲೆ ಇದು.

ಆ ಒಂದು ಸಾಲನ್ನು ಅಳಿಸಿದರೆ ಪಿಡಿಎಫ್ ಓದುತ್ತದೆ, ಹಾಗೆ ಮಾಡಿ ಎಂದು ಸಲಹೆ ಕೊಡುವವರು ಬಹಳ. ಕಚೇರಿಯವರು ಮಾತ್ರ ಪಿಡಿಎಫ್ ಏರಿಸುವ ಜಾಲತಾಣವಾದರೆ, ಗೋಸ್ಟ್‌ಸ್ಕ್ರಿಪ್ಟ್ ಅಪ್‌ಡೇಟ್ ಆಗುತ್ತಿದ್ದರೆ, ಯೋಚಿಸಿ ಮಾಡಬಹುದು. ಓದುಗರು, ವಿದ್ಯಾರ್ಥಿಗಳು, ಯಾರೆಂದು ತಿಳಿಯದವರು ಕಡತ ಏರಿಸುವ ಕಡೆ ಖಂಡಿತ ಬೇಡ. ಅಂಥ ಕಡೆ ಬಂದ ಚಿತ್ರವನ್ನು ಇಮ್ಯಾಜಿಕ್‌ಗೆ ಕೊಡುವ ಮೊದಲು ಅದರ ಮೊದಲ ಬೈಟ್‌ಗಳನ್ನು ಪರೀಕ್ಷಿಸಿ. ಜೆಪೆಗ್ ಕಡತ 255, 216 ಎಂಬ ಎರಡು ಬೈಟ್‌ಗಳಿಂದಲೇ ಶುರುವಾಗಬೇಕು, ಪಿಎನ್‌ಜಿ 137ರಿಂದ.

ಅದೇ ಪಾಲಿಸಿ ಕಡತದಲ್ಲಿ ಮೆಮೊರಿಯ ಮಿತಿಯೂ ಇದೆ. ಫೋನಿನಲ್ಲಿ 4 ಮೆಗಾಬೈಟ್ ಇರುವ ಫೋಟೊ ಸರ್ವರ್‌ನಲ್ಲೂ ಅಷ್ಟೇ ಜಾಗ ಹಿಡಿಯುತ್ತದೆ ಎಂದುಕೊಂಡರೆ ತಪ್ಪು. ಕಾದ ಎಣ್ಣೆಗೆ ಬಿಟ್ಟ ಅರಳು ಸಂಡಿಗೆಯಂತೆ ಅದು ಅರಳುತ್ತದೆ. 4000 ಅಗಲ, 3000 ಎತ್ತರದ ಫೋಟೊದಲ್ಲಿ 1 ಕೋಟಿ 20 ಲಕ್ಷ ಬಿಂದುಗಳು. ಉಬುಂಟು 22.04 ಮತ್ತು 24.04ರಲ್ಲಿರುವ ಇಮೇಜ್‌ಮ್ಯಾಜಿಕ್ 6 ಒಂದು ಬಿಂದುವಿಗೆ 8 ಬೈಟ್ ಇಡುತ್ತದೆ. ಒಟ್ಟು 96 ಮೆಗಾಬೈಟ್. ಈಗಿನ ಫೋನ್‌ಗಳ 48 ಮೆಗಾಪಿಕ್ಸೆಲ್ ಫೋಟೊಗೆ 384. ಉಬುಂಟುವಿನ ಪಾಲಿಸಿಯಲ್ಲಿ ಮೆಮೊರಿಗೆ ಕೊಟ್ಟಿರುವ ಮಿತಿ 256. ಅದನ್ನು ಮೀರಿದಾಗ ಇಮೇಜ್‌ಮ್ಯಾಜಿಕ್ ಡಿಸ್ಕಿನ ಆಸರೆ ಹಿಡಿಯುತ್ತದೆ, ಕೆಲಸ ತೀರಾ ನಿಧಾನವಾಗುತ್ತದೆ. ಪಿಎಚ್‌ಪಿಯ ಸ್ವಂತ ಮೆಮೊರಿ ಮಿತಿಯನ್ನು ಎಷ್ಟು ಹೆಚ್ಚಿಸಿದರೂ ಇಲ್ಲಿ ಪ್ರಯೋಜನವಿಲ್ಲ, ಇಮ್ಯಾಜಿಕ್ ಬಳಸುವ ಜಾಗ ಆ ಲೆಕ್ಕಕ್ಕೆ ಸೇರುವುದೇ ಇಲ್ಲ. 1 ಗಿಗಾಬೈಟ್‌ನ ಅಗ್ಗದ ಸರ್ವರ್‌ನಲ್ಲಿ ನಾಲ್ಕು ಜನ ಒಟ್ಟಿಗೆ ಶಾಲಾ ವಾರ್ಷಿಕೋತ್ಸವದ ಫೋಟೊ ಏರಿಸಿದರೆ ಸರ್ವರ್ ಏದುಸಿರು ಬಿಡುವುದು ಇದಕ್ಕೇ. ಫೋನಿನಲ್ಲೇ ಫೋಟೊ ಚಿಕ್ಕದು ಮಾಡಿ ಏರಿಸಲು ಹೇಳಿಕೊಡುವುದು ಮಿತಿ ಹೆಚ್ಚಿಸುವುದಕ್ಕಿಂತ ಲೇಸು.

ಶಿರಸಿಯ ಮೇಷ್ಟ್ರಿಗೆ ಪ್ಯಾಕೇಜಿನ ಹೆಸರು, ಎಫ್‌ಪಿಎಂ ರೀಸ್ಟಾರ್ಟ್, ಇವೆರಡನ್ನೇ ಬರೆದು ಕಳಿಸಿದ್ದೆ. ಸೈಟ್ ಹೆಲ್ತ್‌ನ ದೂರು ಹೋಯಿತೆಂದು ಮರುದಿನವೇ ಉತ್ತರ ಬಂತು. ನನ್ನ ಸರ್ವರ್‌ನಲ್ಲಿ ನಾನು ಇಟ್ಟುಕೊಂಡಿರುವ ಒಂದು ಪರೀಕ್ಷಾ ಪುಟವನ್ನೂ ಆಮೇಲೆ ಅವರಿಗೆ ಕೊಟ್ಟೆ. ಅದು ‘ಕನ್ನಡ ರಾಷ್ಟ್ರ ಶಾಸ್ತ್ರಜ್ಞ ಕ್ಷೇತ್ರ’ ಎಂಬ ನಾಲ್ಕು ಪದಗಳನ್ನು ಚಿತ್ರವಾಗಿ ಬರೆದು ತೋರಿಸುತ್ತದೆ. ಸರ್ವರ್ ಅಪ್‌ಡೇಟ್ ಮಾಡಿದ ಪ್ರತಿ ಸಲವೂ ಮೊದಲು ತೆರೆದು ನೋಡುವುದು ಅದನ್ನೇ. ಮೇಷ್ಟ್ರು ಅದರಲ್ಲಿ ತಮ್ಮದೊಂದು ಪದ ಸೇರಿಸಿಕೊಂಡಿದ್ದಾರೆ, ‘ಜ್ಯೋತ್ಸ್ನಾ’. ಹಾಜರಿ ಪುಸ್ತಕದಲ್ಲಿರುವ ಒಬ್ಬ ಹುಡುಗಿಯ ಹೆಸರಂತೆ, ಗುರುತಿನ ಚೀಟಿಯಲ್ಲಿ ಪ್ರತಿ ವರ್ಷ ಒಡೆದೇ ಬರುತ್ತಿತ್ತಂತೆ. ಈ ವರ್ಷದ ಚೀಟಿಯ ಫೋಟೊ ಕಳಿಸಿದ್ದಾರೆ. ತಕಾರ, ಸಕಾರ, ನಕಾರ ಮೂರೂ ಒಂದರ ಕೆಳಗೊಂದು ಸರಿಯಾಗಿ ಕೂತಿವೆ.